ಪಿಕಪ್‌ನ ಹಿಂದಿನ ಹೌಸಿಂಗ್ ಕೂಗ್ತಿದೆ: ಪಿನಿಯನ್ ಒಂದನ್ನೇ ಬದಲಿಸಬಹುದಾ?

ಪ್ರಶ್ನೆ, ಶ್ರೀನಿವಾಸಪುರದಿಂದ

ಟೊಮೆಟೊ ಹೊತ್ತು ಕೋಲಾರದ ಎಪಿಎಂಸಿಗೆ ಓಡಾಡೋ ಪಿಕಪ್. 50ರ ಮೇಲೆ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಎಕ್ಸಲ್ ನಡುವಿನ ಗೇರ್ ಪೆಟ್ಟಿಗೆ (ಹೌಸಿಂಗ್) ಕುಯ್ ಅಂತ ಕೂಗುತ್ತೆ, ಕಾಲು ತೆಗೆದರೆ ಸುಮ್ಮನಾಗುತ್ತೆ. ಪಿನಿಯನ್ (ಪ್ರೊಪೆಲ್ಲರ್ ಶಾಫ್ಟಿನ ತುದಿಗೆ ಸೇರೋ ಸಣ್ಣ ಗೇರ್) ಸೀಲ್ ಹತ್ತಿರ ಆಯಿಲ್ ಜಿನುಗ್ತಿದೆ. ಗ್ಯಾರೇಜಿನವರು ಹಿಂದಿನ ಕವರ್ ತೆಗೆದು ನೋಡಿ, ಪಿನಿಯನ್ ಹಲ್ಲು ಚಕ್ಕೆ ಎದ್ದಿದೆ ಅಂದರು. ಪಿನಿಯನ್ ಒಂದೇ ಹಾಕಿದರೆ ನಡೆಯುತ್ತಾ? ಬಿಚ್ಚಿ ಕೂರಿಸುವಾಗ ಏನೇನು ನೋಡಬೇಕು?

ಕೋಲಾರ

ನಡೆಯಲ್ಲ ಅಣ್ಣ. ಕ್ರೌನ್ (ಪಿನಿಯನ್ ತಿರುಗಿಸೋ ದೊಡ್ಡ ಗೇರ್), ಪಿನಿಯನ್ ಎರಡನ್ನೂ ಫ್ಯಾಕ್ಟರಿಯಲ್ಲೇ ಜೊತೆಗೆ ಉಜ್ಜಿ ಜೋಡಿ ಮಾಡಿರ್ತಾರೆ. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿರುತ್ತೆ. ಹಳೆ ಕ್ರೌನಿಗೆ ಹೊಸ ಪಿನಿಯನ್ ಹಾಕಿದರೆ ಸದ್ದು ಹೋಗಲ್ಲ, ಹೊಸದೂ ಬೇಗ ಸವೆಯುತ್ತೆ. ಕೊಳ್ಳುವಾಗ ಹಲ್ಲು ಎಣಿಸಿ. ಕ್ರೌನಿನಲ್ಲಿ 41, ಪಿನಿಯನ್‌ನಲ್ಲಿ 9 ಇದ್ದರೆ ಅನುಪಾತ 4.56. ನಿಮ್ಮ ಹಳೆಯದರಲ್ಲಿ ಎಷ್ಟಿದೆಯೋ ಹೊಸದರಲ್ಲೂ ಅಷ್ಟೇ ಇರಬೇಕು. ಜೊತೆಗೆ ಎರಡು ಪಿನಿಯನ್ ಬೇರಿಂಗ್ (ಕಪ್ ಸಮೇತ), ಸೀಲ್, ಕ್ರಷ್ ಸ್ಪೇಸರ್ (ಎರಡು ಪಿನಿಯನ್ ಬೇರಿಂಗ್ ನಡುವೆ ಕೂರೋ ಕೊಳವೆ), ಹೊಸ ಪಿನಿಯನ್ ನಟ್, ಕ್ರೌನ್ ಬೋಲ್ಟ್‌ಗಳು ಬೇಕು. ಸೈಡ್ ಬೇರಿಂಗ್ (ಕ್ರೌನನ್ನು ಎಡ, ಬಲ ಹಿಡಿದಿರೋದು) ಕೈಯಲ್ಲಿ ತಿರುಗಿಸಿದಾಗ ಒರಟು ಅನಿಸಿದರೆ ಅದೂ ಸೇರಿಸಿ.

ತುಮಕೂರು, ಅಂತರಸನಹಳ್ಳಿ ಕಡೆಯಿಂದ

ಬಿಚ್ಚೋ ಮುಂಚೆಯೇ ಡಯಲ್ ಗೇಜ್ ಇಟ್ಟು ಕ್ರೌನಿನ ಪ್ಲೇ (ಎರಡು ಗೇರಿನ ಹಲ್ಲುಗಳ ನಡುವಿನ ಸಡಿಲ) ಅಳೆದು ಬರೆದಿಟ್ಟುಕೊಳ್ಳಿ. ಅರ್ಧ ಜನ ಇಲ್ಲೇ ತಪ್ಪೋದು. ಎಲ್ಲ ಬಿಚ್ಚಿ ಹಾಕಿದ ಮೇಲೆ ಮೊದಲು ಹೇಗಿತ್ತು ಅಂತ ಯಾರನ್ನ ಕೇಳ್ತೀರಿ?

ಗಾಡಿ ಸ್ಟ್ಯಾಂಡ್ ಮೇಲಿರಲಿ, ಬರೀ ಜಾಕ್ ನಂಬಬೇಡಿ. ಆಯಿಲ್ ಇಳಿಸಿ, ಪ್ರೊಪೆಲ್ಲರ್ ಶಾಫ್ಟಿಗೂ ಅದು ಸೇರೋ ಪಿನಿಯನ್ ಫ್ಲಾಂಜಿಗೂ ಸೇರಿಸಿ ಒಂದು ಗುರುತು ಹಾಕಿ ಬಿಚ್ಚಿ. ಎರಡೂ ಎಕ್ಸಲ್ ಶಾಫ್ಟ್ ಎಳೆದ ಮೇಲೆ ಬೇರಿಂಗ್ ಕ್ಯಾಪ್‌ಗಳಿಗೆ ಪಂಚ್ ಹೊಡೆಯಿರಿ: ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಎರಡು. ಕ್ಯಾಪ್‌ಗಳನ್ನು ಹೌಸಿಂಗಿಗೆ ಕೂರಿಸಿಯೇ ಕೊರೆದಿರೋದ್ರಿಂದ ಅದಲುಬದಲಾದರೆ ಬೇರಿಂಗ್ ಕೆಡುತ್ತೆ. ಸೈಡ್ ಶಿಮ್‌ಗಳನ್ನೂ (ಅಂತರ ಸರಿಮಾಡೋ ತೆಳು ಬಳೆಗಳು) ಎಡ, ಬಲ ಬೇರೆಬೇರೆ ದಾರದಲ್ಲಿ ಕಟ್ಟಿಡಿ.

ಕ್ರೌನ್ ಹೊರಗೆ ಬಂದ ಮೇಲೆ ಪಿನಿಯನ್ ನಟ್. ಫ್ಲಾಂಜಿನ ಎರಡು ತೂತಿಗೆ ಒಂದು ಮೀಟರ್ ಉದ್ದದ ಪಟ್ಟಿ ಬೋಲ್ಟ್ ಮಾಡಿ ಹಿಡಿದುಕೊಂಡರೆ ನಟ್ ಬಿಚ್ಚಬಹುದು. ಫ್ಲಾಂಜನ್ನು ಪುಲ್ಲರ್ ಹಾಕಿ ತೆಗೆಯಿರಿ, ಹಿಂದಿನಿಂದ ಸುತ್ತಿಗೆ ಏಟು ಬೇಡ. ಆಮೇಲೆ ನಟ್ಟನ್ನು ನಾಲ್ಕು ಎಳೆ ಮತ್ತೆ ಹಚ್ಚಿ, ಹಿತ್ತಾಳೆ ಕೋಲಿಟ್ಟು ತಟ್ಟಿ. ಸಡಿಲವಾದ ಮೇಲೆ ಒಳಗಿನಿಂದ ಒಬ್ಬರು ಪಿನಿಯನ್ ಹಿಡಿದುಕೊಳ್ಳಲಿ. ಪಿನಿಯನ್ ತಲೆಗೂ ದೊಡ್ಡ ಬೇರಿಂಗಿಗೂ ನಡುವೆ ಇರೋ ಶಿಮ್ಮನ್ನು ಮೈಕ್ರೋಮೀಟರಲ್ಲಿ ಅಳೆದು ದಪ್ಪ ಬರೆದುಕೊಳ್ಳಿ. ಹೊಸ ಸೆಟ್ಟಿಗೂ ಶುರು ಅದೇ ದಪ್ಪದಿಂದ.

ಚಿಂತಾಮಣಿ

ಮೇಲಿನವರು ಬಿಚ್ಚೋದು ಹೇಳಿದ್ರು, ಕಷ್ಟ ಇರೋದು ಕೂರಿಸೋದರಲ್ಲಿ. ಕ್ರಷ್ ಸ್ಪೇಸರ್ ಒಂದೇ ಸಲ ಕುಗ್ಗೋ ಸಾಮಾನು. ನಟ್ ಬಿಗಿಯುವಾಗ ಮೊದಲು ಭಾರೀ ಶಕ್ತಿ ಬೇಕು. ಕುಗ್ಗೋಕೆ ಶುರುವಾದ ಮೇಲೆ ಒಂದೊಂದು ಚೂರು ತಿರುವಿಗೂ ಬೇರಿಂಗ್ ಬಿಗಿ ಏರುತ್ತೆ. ದಾಟಿಹೋದರೆ ನಟ್ ಸಡಿಲಿಸಿ ಸರಿಮಾಡೋಕಾಗಲ್ಲ, ಹೊಸ ಸ್ಪೇಸರೇ ಹಾಕಬೇಕು. ಅದಕ್ಕೇ ಎರಡು ತಂದಿಟ್ಟುಕೊಳ್ಳಿ. ಇಂಪ್ಯಾಕ್ಟ್ ಗನ್ನಿನಲ್ಲಿ ಈ ನಟ್ ಬಿಗಿಯೋರ ಹತ್ತಿರ ಗಾಡಿ ಬಿಡಬೇಡಿ.

ಬಿಗಿ ಅಳೆಯೋಕೆ ಕೊಕ್ಕೆ ಇರೋ ಸ್ಪ್ರಿಂಗ್ ತಕ್ಕಡಿ ಸಾಕು. ಫ್ಲಾಂಜಿಗೆ ದಾರ ಸುತ್ತಿ ತಕ್ಕಡಿಗೆ ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ. ತಿರುಗೋಕೆ ಶುರುವಾಗುವಾಗಿನ ಜಿಗಿತ ಲೆಕ್ಕಕ್ಕಿಲ್ಲ, ಸಮವಾಗಿ ತಿರುಗುವಾಗ ಮುಳ್ಳು ಎಲ್ಲಿರುತ್ತೋ ಅದು ಬೇಕು. ದಾರ ಸುತ್ತಿದ ಜಾಗದ ಅರ್ಧ ವ್ಯಾಸ 5 ಸೆಂ.ಮೀ. ಇದ್ದು ಮುಳ್ಳು 4 ಕೆ.ಜಿ. ತೋರಿಸಿದರೆ 20 ಕೆ.ಜಿ.-ಸೆಂ.ಮೀ. ಹೊಸ ಬೇರಿಂಗಿಗೆ ಸಾಮಾನ್ಯವಾಗಿ 17ರಿಂದ 29, ಓಡಿದ ಬೇರಿಂಗಿಗೆ ಅದರ ಅರ್ಧದಷ್ಟು. ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಕೊನೆ ಮಾತು. ಇದನ್ನು ಕ್ರೌನ್ ಒಳಗೆ ಕೂರಿಸೋ ಮುಂಚೆ ಅಳೆಯಬೇಕು.

ಗೌರಿಬಿದನೂರು

ಸೀಲ್ ಸೋರಿಕೆ ಬಗ್ಗೆ ಯಾರೂ ಹೇಳಲಿಲ್ಲ. ಎಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗೋ ದಾರಿ) ನೋಡಿ. ಕ್ವಾರಿ ರಸ್ತೆಯ ಧೂಳು ತುಂಬಿ ಅದು ಕಟ್ಟಿಕೊಂಡರೆ, ಬಿಸಿಯಾದಾಗ ಒಳಗಿನ ಒತ್ತಡಕ್ಕೆ ಆಯಿಲ್ ಸೀಲ್ ಕಡೆಗೇ ಬರುತ್ತೆ. ಎಷ್ಟು ಸೀಲ್ ಬದಲಿಸಿದರೂ ಅಷ್ಟೇ. ಫ್ಲಾಂಜ್ ಮೇಲೆ ಸೀಲ್ ತುಟಿ ಕೂರೋ ಕಡೆ ಉಗುರು ಆಡಿಸಿ. ಉಗುರಿಗೆ ಗೀರು ಸಿಕ್ಕಿದರೆ ಫ್ಲಾಂಜೂ ಹೊಸದು ಬೇಕು.

ಶ್ರೀನಿವಾಸಪುರ

ಥ್ಯಾಂಕ್ಸ್ ಎಲ್ಲರಿಗೂ. ಪಿನಿಯನ್ ಶಿಮ್ ಸರಿಯಾಗಿದೆ ಅಂತ ಗೊತ್ತಾಗೋದು ಹೇಗೆ?

ತುಮಕೂರು, ಅಂತರಸನಹಳ್ಳಿ ಕಡೆಯಿಂದ

ಹಲ್ಲಿಗೆ ಬಣ್ಣ ಹಚ್ಚಿ ನೋಡಬೇಕು. ಮೊದಲು ಸ್ಪೇಸರ್ ಇಲ್ಲದೆ, ನಟ್ ಹಗುರ ಬಿಗಿಯಲ್ಲಿಟ್ಟು ಟ್ರಯಲ್ ಮಾಡಿ. ಹಳೆ ಬೇರಿಂಗಿನ ಒಳತೂತನ್ನು ಎಮರಿ ಪೇಪರಿನಲ್ಲಿ ಉಜ್ಜಿ ಸಡಿಲ ಮಾಡಿಕೊಂಡರೆ, ಶಿಮ್ ಬದಲಿಸಿದಾಗಲೆಲ್ಲ ಪ್ರೆಸ್ಸಿಗೆ ಓಡೋದು ತಪ್ಪುತ್ತೆ. ಪ್ಲೇ 0.15ರಿಂದ 0.20 ಮಿ.ಮೀ. ಒಳಗೆ ತಂದು, ಕ್ರೌನಿನ ನಾಲ್ಕೈದು ಹಲ್ಲಿಗೆ ತೆಳ್ಳಗೆ ಬಣ್ಣ ಬಳಿದು, ಕ್ರೌನನ್ನು ಕೈಯಲ್ಲಿ ಸ್ವಲ್ಪ ತಡೆಹಿಡಿದು ಪಿನಿಯನ್ ತಿರುಗಿಸಿ.

ಗುರುತು ಹಲ್ಲಿನ ತುದಿಗೆ ಬಿದ್ದಿದ್ದರೆ ಪಿನಿಯನ್ ದೂರ ಇದೆ, ಶಿಮ್ ದಪ್ಪ ಮಾಡಿ. ಬುಡಕ್ಕೆ ಬಿದ್ದಿದ್ದರೆ ಒಳಗೆ ಜಾಸ್ತಿ ಹೋಗಿದೆ, ತೆಳು ಮಾಡಿ. ಎತ್ತರದಲ್ಲಿ ನಡುವೆ ಬಂದರೆ ಶಿಮ್ ಸರಿ. ಒಂದು ಸಲಕ್ಕೆ 0.05 ಮಿ.ಮೀ. ಬದಲಿಸಿದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಶಿಮ್ ಬದಲಾದಾಗಲೆಲ್ಲ ಪ್ಲೇ ಮತ್ತೆ ಅಳೆಯಬೇಕು. ಎಲ್ಲ ಸರಿಬಂದ ಮೇಲೆ ಹೊಸ ಬೇರಿಂಗ್, ಸ್ಪೇಸರ್, ಸೀಲ್ ಹಾಕಿ ಕೊನೆಯ ಸಲ ಬಿಗಿಯೋದು. ಕ್ರೌನ್ ಬೋಲ್ಟಿಗೆ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯೋ ಅಂಟು) ಮರೀಬೇಡಿ.

ಚಿಂತಾಮಣಿ

80ಡಬ್ಲ್ಯೂ-90, ಜಿಎಲ್-5 ಗ್ರೇಡಿನ ಆಯಿಲ್ಲೇ ಹಾಕಿ. ಈ ಹಲ್ಲಿಗೆ ಜಿಎಲ್-4 ತಡೆಯಲ್ಲ. ತುಂಬೋ ತೂತಿನ ಕೆಳ ಅಂಚಿನವರೆಗೆ ಸಾಕು. ಖಾಲಿ ಗಾಡಿಯಲ್ಲಿ 20 ಕಿ.ಮೀ. ನಿಧಾನಕ್ಕೆ ಓಡಿಸಿ ನಿಲ್ಲಿಸಿ, ಹೌಸಿಂಗಿನ ಮೂತಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡೋಕಾಗದಷ್ಟು ಸುಟ್ಟರೆ ಬಿಗಿ ಜಾಸ್ತಿಯಾಗಿದೆ, ಮತ್ತೆ ಬಿಚ್ಚಲೇಬೇಕು. ಮೊದಲ 500 ಕಿ.ಮೀ. ಪೂರ್ತಿ ಲೋಡ್ ಬೇಡ, ಅದಾದ ಮೇಲೆ ಆಯಿಲ್ ಬದಲಿಸಿ. ಡ್ರೈನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಬೂದಿ ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಚಿಂತೆಯಿಲ್ಲ, ಚೂರುಗಳು ಸಿಕ್ಕಿದರೆ ಗಾಡಿ ಓಡಿಸಬೇಡಿ.