1870ರಲ್ಲೇ ತಿದ್ದುಪಡಿಯಾಗಿದ್ದರೆ 1965ರ ಮತದಾನ ಹಕ್ಕುಗಳ ಕಾಯ್ದೆ ಏಕೆ ಬೇಕಾಯಿತು?

ಬಸವನಗುಡಿಯ ಓದುಗ:

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಕೂಟದಲ್ಲಿ ಅಮೆರಿಕದ ಮತದಾನದ ಹಕ್ಕಿನ ಇತಿಹಾಸದ ಬಗ್ಗೆ ಅರ್ಧ ಗಂಟೆ ಮಾತನಾಡುವ ಹೊಣೆ ಈ ಸಲ ನನ್ನ ಪಾಲಿಗೆ ಬಂದಿದೆ. ಟಿಪ್ಪಣಿ ಮಾಡಿಕೊಳ್ಳುತ್ತಾ ಹೋದಂತೆ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಜನಾಂಗ, ಬಣ್ಣ ಅಥವಾ ಹಿಂದಿನ ಗುಲಾಮಗಿರಿಯ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಸಿಯಬಾರದೆಂದು 1870ರ 15ನೇ ತಿದ್ದುಪಡಿಯೇ ಹೇಳಿತ್ತು. ಹಾಗಿದ್ದೂ 1965ರ ಮಾರ್ಚ್‌ನಲ್ಲಿ ಅದೇ ಹಕ್ಕನ್ನು ಕೇಳಿ ಮೆರವಣಿಗೆ ಹೊರಟವರು ಅಲಬಾಮಾ ರಾಜ್ಯದ ಸೆಲ್ಮಾ ಪಟ್ಟಣದ ಸೇತುವೆಯ ಬಳಿ ಪೊಲೀಸರ ದೊಣ್ಣೆಯ ಏಟು ತಿನ್ನಬೇಕಾಯಿತು. ನಡುವಿನ 95 ವರ್ಷ ಸಂವಿಧಾನದ ಮಾತು ಎಲ್ಲಿ ಹೋಗಿತ್ತು? ನ್ಯಾಯಾಲಯಗಳು ಸುಮ್ಮನಿದ್ದವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ನಿವೃತ್ತ ಮೇಷ್ಟ್ರು, ಮಲ್ಲೇಶ್ವರ:

ತಿದ್ದುಪಡಿಯ ಪದಗಳನ್ನು ಇನ್ನೊಮ್ಮೆ ನೋಡಿ. ನಮ್ಮ ಸಂವಿಧಾನದ 326ನೇ ವಿಧಿಯು ಚುನಾವಣೆಗಳು ವಯಸ್ಕ ಮತದಾನದ ಆಧಾರದ ಮೇಲೆಯೇ ನಡೆಯತಕ್ಕದ್ದೆಂದು ಹೇಳಿ ಹಕ್ಕನ್ನು ನೇರವಾಗಿ ಕೊಡುತ್ತದೆ. ಅಲ್ಲಿನ 15ನೇ ತಿದ್ದುಪಡಿಯಾದರೋ ಹಕ್ಕನ್ನು ಕೊಡುವುದಿಲ್ಲ. ಇಂತಿಂಥ ಕಾರಣಕ್ಕೆ ಕಸಿಯಬಾರದೆಂದು ಮಾತ್ರ ಹೇಳುತ್ತದೆ. ಅಂದ ಮೇಲೆ ಬೇರೆ ಕಾರಣ ಹುಡುಕಿಕೊಂಡರಾಯಿತು.

ಆ ಕಾರಣಗಳನ್ನು ಹೊಂದಿಸಿಕೊಟ್ಟದ್ದು ಮಿಸಿಸಿಪ್ಪಿ ರಾಜ್ಯದ 1890ರ ಸಂವಿಧಾನ. ಮತ ಹಾಕುವವನು ವರ್ಷಕ್ಕೆ 2 ಡಾಲರ್ ತಲೆಗಂದಾಯ ಕಟ್ಟಿರಬೇಕು. ಜೊತೆಗೆ ರಾಜ್ಯದ ಸಂವಿಧಾನದ ಯಾವುದಾದರೊಂದು ಭಾಗವನ್ನು ಓದಬೇಕು, ಇಲ್ಲವೇ ಓದಿ ಹೇಳಿದ್ದನ್ನು ಕೇಳಿ ಅದಕ್ಕೆ ಸಮಂಜಸವಾದ ಅರ್ಥ ಹೇಳಬೇಕು. ಮೇಜಿನ ಆಚೆ ಕುಳಿತ ನೋಂದಣಿ ಅಧಿಕಾರಿ ಯಾವ ಭಾಗವನ್ನು ಯಾರ ಮುಂದಿಡಬೇಕೆಂದು ತಾನೇ ಆರಿಸುತ್ತಿದ್ದ, ಉತ್ತರ ಸಮಂಜಸವೋ ಅಲ್ಲವೋ ಎಂಬುದನ್ನೂ ತಾನೇ ತೀರ್ಮಾನಿಸುತ್ತಿದ್ದ. ಕಾನೂನಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಸುಪ್ರೀಂ ಕೋರ್ಟು ಕೂಡ 1898ರಲ್ಲಿ ಅದನ್ನೇ ಹೇಳಿ ಈ ಏರ್ಪಾಟನ್ನು ಎತ್ತಿಹಿಡಿಯಿತು.

ಪರಿಣಾಮ ಎಷ್ಟೆಂದು ತಿಳಿಯಬೇಕಾದರೆ ನೆರೆಯ ಲೂಯಿಸಿಯಾನಾದ ಪಟ್ಟಿಯನ್ನು ನೋಡಿ: 1896ರಲ್ಲಿ 1,30,334 ಇದ್ದ ಕಪ್ಪು ಮತದಾರರ ಸಂಖ್ಯೆ 1904ರ ಹೊತ್ತಿಗೆ 1,342ಕ್ಕೆ ಇಳಿದಿತ್ತು. ಇದೇ ಪರೀಕ್ಷೆಯಲ್ಲಿ ಬಡ ಬಿಳಿಯರೂ ಸೋಲುವ ಭಯವಿತ್ತಲ್ಲ, ಅದಕ್ಕೂ ಒಂದು ಉಪಾಯ ಮಾಡಿದ್ದರು. ಅರ್ಜಿದಾರನಿಗಾಗಲಿ, ಅವನ ಅಪ್ಪನಿಗಾಗಲಿ, ಅಜ್ಜನಿಗಾಗಲಿ 1867ರ ಜನವರಿ 1ರಂದು ಮತದ ಹಕ್ಕು ಇದ್ದಿದ್ದರೆ ಪರೀಕ್ಷೆಯಿಂದ ವಿನಾಯಿತಿ. ಗುಲಾಮನಾಗಿದ್ದ ಅಜ್ಜನಿಗೆ ಆ ಹಕ್ಕು ಎಲ್ಲಿಂದ ಬರಬೇಕು!

ವಕೀಲ, ಜಯನಗರ:

ಮೇಷ್ಟ್ರು ಹೇಳಿದ್ದು ಸರಿ. ಆದರೆ ನ್ಯಾಯಾಲಯಗಳು ಕೊನೆಯವರೆಗೂ ಸುಮ್ಮನಿರಲಿಲ್ಲವೆಂಬುದನ್ನು ಸೇರಿಸಬೇಕು. ಅಜ್ಜನ ವಿನಾಯಿತಿ 1915ರಲ್ಲಿ ಬಿದ್ದುಹೋಯಿತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯನ್ನು ಬಿಳಿಯರಿಗಷ್ಟೇ ಮೀಸಲಿಡುವ ಪದ್ಧತಿ 1944ರಲ್ಲಿ ಬಿದ್ದುಹೋಯಿತು. ತೊಂದರೆಯೆಂದರೆ, ಒಂದು ತಂತ್ರ ಬಿದ್ದ ಮರುದಿನವೇ ಇನ್ನೊಂದು ಎದ್ದು ನಿಲ್ಲುತ್ತಿತ್ತು, ಅದನ್ನು ಬೀಳಿಸಲು ಮತ್ತೆ ಹತ್ತಾರು ವರ್ಷಗಳ ದಾವೆ ಹೂಡಬೇಕಿತ್ತು. 1965ರ ಕಾಯ್ದೆ ಈ ಕ್ರಮವನ್ನೇ ತಿರುಗಿಸಿತು. ಹಳೆಯ ಚಾಳಿಯಿದ್ದ ರಾಜ್ಯಗಳು ಚುನಾವಣಾ ನಿಯಮವನ್ನು ಬದಲಿಸುವ ಮೊದಲೇ ಕೇಂದ್ರದ ನ್ಯಾಯ ಇಲಾಖೆಯ ಅಥವಾ ವಾಷಿಂಗ್ಟನ್ನಿನ ನ್ಯಾಯಾಲಯದ ಒಪ್ಪಿಗೆ ಪಡೆಯಬೇಕಾಯಿತು. ಯಾವ ರಾಜ್ಯಗಳು ಹೀಗೆ ಒಪ್ಪಿಗೆ ಪಡೆಯಬೇಕೆಂದು ನಿರ್ಧರಿಸುವ ಸೂತ್ರವನ್ನು ಸುಪ್ರೀಂ ಕೋರ್ಟು 2013ರಲ್ಲಿ ರದ್ದುಮಾಡಿದ್ದರಿಂದ ಆ ಕಲಮು ಈಗ ಕಾಗದದ ಮೇಲಷ್ಟೇ ಉಳಿದಿದೆ.

ರಾಜಾಜಿನಗರದ ಗೃಹಿಣಿ:

1920ರಲ್ಲಿ ಹೆಂಗಸರಿಗೆ ಮತ ಸಿಕ್ಕಿತೆಂದು ಒಂದೇ ಸಾಲಿನಲ್ಲಿ ಮುಗಿಸಿಬಿಡಬೇಡಿ, ಸರ್. ಅದಕ್ಕಾಗಿ ತಂದ ಸಂವಿಧಾನ ತಿದ್ದುಪಡಿಯನ್ನು 48 ರಾಜ್ಯಗಳಲ್ಲಿ 36 ಒಪ್ಪಬೇಕಿತ್ತು, 36ನೆಯದು ಟೆನೆಸ್ಸಿ. ಅಲ್ಲಿನ ಶಾಸನಸಭೆಯ 24 ವರ್ಷದ ಸದಸ್ಯ ಹ್ಯಾರಿ ಬರ್ನ್ ವಿರೋಧಿಗಳ ಗುರುತಾದ ಕೆಂಪು ಗುಲಾಬಿಯನ್ನು ಕೋಟಿಗೆ ಸಿಕ್ಕಿಸಿಕೊಂಡು ಬಂದಿದ್ದರೂ, ತಾಯಿ ಬರೆದ ಪತ್ರದ ಮಾತಿಗೆ ಕಟ್ಟುಬಿದ್ದು ಪರವಾಗಿ ಮತ ಹಾಕಿದರು. ಆದರೆ ದಕ್ಷಿಣದ ಕಪ್ಪು ಮಹಿಳೆಯರಿಗೆ ಎದುರಾದದ್ದು ಮೇಷ್ಟ್ರು ಹೇಳಿದ ಅದೇ ಮೇಜು.

ನಮ್ಮವರ ಕಥೆಯನ್ನೂ ಸೇರಿಸಿಕೊಳ್ಳಿ. ಪಂಜಾಬಿನಿಂದ ಹೋಗಿ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಅವರು ಬಿಳಿಯರಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟು ಪೌರತ್ವವನ್ನೇ ನಿರಾಕರಿಸಿತು. ಪೌರತ್ವವಿಲ್ಲದವರಿಗೆ ಮತ ಎಲ್ಲಿಯದು? ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಹತ್ತು ವರ್ಷದ ತರುವಾಯ ಕ್ಯಾಲಿಫೋರ್ನಿಯಾದಿಂದ ದಲೀಪ್ ಸಿಂಗ್ ಸೌಂದ್ ಅಲ್ಲಿನ ಪ್ರತಿನಿಧಿ ಸಭೆಗೆ ಆಯ್ಕೆಯಾದರು.

ಬಸವನಗುಡಿಯ ಓದುಗ:

ಎಲ್ಲರಿಗೂ ಕೃತಜ್ಞತೆಗಳು. ಸೆಲ್ಮಾದಿಂದ ಆರಂಭಿಸಬೇಕೆಂದಿದ್ದೆ, ಈಗ ತಲೆಗಂದಾಯದ ರಸೀದಿಯಿಂದ ಆರಂಭಿಸುತ್ತೇನೆ. ಅದು 1964ರ 24ನೇ ತಿದ್ದುಪಡಿಯೊಂದಿಗೆ ಕೊನೆಗೊಂಡಿತೆಂದು ಬರೆದುಕೊಂಡಿದ್ದೇನೆ, ಸರಿಯೇ?

ವಕೀಲ, ಜಯನಗರ:

ಪೂರ್ತಿಯಾಗಿ ಅಲ್ಲ. ಆ ತಿದ್ದುಪಡಿ ಅಧ್ಯಕ್ಷ ಹಾಗೂ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಚುನಾವಣೆಗಳಿಗಷ್ಟೇ ಅನ್ವಯಿಸುತ್ತಿತ್ತು. ರಾಜ್ಯದ ಚುನಾವಣೆಗಳಿಗಾಗಿ ವರ್ಜೀನಿಯಾ ವಸೂಲು ಮಾಡುತ್ತಿದ್ದ ಒಂದೂವರೆ ಡಾಲರ್ ನಿಂತದ್ದು 1966ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನಿಂದ.