ಐಸ್ ಬಾಕ್ಸ್‌ನಲ್ಲಿ ಬಂದ ಸ್ಯಾಂಪಲ್: ಒಂದೇ ಕೇಂದ್ರದಲ್ಲಿ ಪೊಟ್ಯಾಸಿಯಮ್ ಹೆಚ್ಚು ಬರುತ್ತಿರುವುದೇಕೆ?

ಪ್ರಶ್ನೆ (ಅಧ್ಯಯನ ಸಂಯೋಜಕಿ)

ಔಷಧಿಗೆ ಬಗ್ಗದ ರಕ್ತದೊತ್ತಡ ಇರುವವರಿಗೆ ಸ್ಪೈರೊನೊಲ್ಯಾಕ್ಟೋನ್ (ಆಲ್ಡೋಸ್ಟೆರೋನ್ ಹಾರ್ಮೋನಿನ ಕೆಲಸ ತಡೆಯುವ, ಪೊಟ್ಯಾಸಿಯಮ್ ಏರಿಸಬಲ್ಲ ಔಷಧಿ) ಕೊಟ್ಟು ನೋಡುವ ಬಹುಕೇಂದ್ರ ಅಧ್ಯಯನ ಇದು. ಪ್ರತಿ ಭೇಟಿಯಲ್ಲೂ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾದ ದ್ರವ) ಪೊಟ್ಯಾಸಿಯಮ್, ಕ್ರಿಯಾಟಿನಿನ್, ಪ್ಲಾಸ್ಮಾ ರೆನಿನ್ (ಆಲ್ಡೋಸ್ಟೆರೋನ್ ಅನ್ನು ಪ್ರಚೋದಿಸುವ ಮೂತ್ರಪಿಂಡದ ಕಿಣ್ವ), ಆಲ್ಡೋಸ್ಟೆರೋನ್ ನೋಡುತ್ತೇವೆ. ಮುಖ್ಯ ಕೇಂದ್ರದಲ್ಲಿ ಪೊಟ್ಯಾಸಿಯಮ್ ಬಹುಪಾಲು 4ರಿಂದ 4.6 ಮಿಲಿಮೋಲ್/ಲೀಟರ್ ಒಳಗೇ ಇದೆ. ದೂರದ ಒಂದು ಕೇಂದ್ರದಿಂದ ಬರುವುದು ಮಾತ್ರ 5ರ ಆಸುಪಾಸು, ಕೆಲವು 5.5 ದಾಟಿವೆ. ಔಷಧಿ ಶುರು ಮಾಡುವ ಮೊದಲಿನ ಸ್ಯಾಂಪಲ್‌ಗಳಲ್ಲೂ ಹೀಗೇ ಇದೆ. ಸೋಡಿಯಮ್, ಕ್ರಿಯಾಟಿನಿನ್ ಎರಡೂ ಕೇಂದ್ರಗಳಲ್ಲಿ ಒಂದೇ ತರಹ. ಸೀರಮ್ ಕೆಂಪಾಗಿಲ್ಲ.

ಆ ಕೇಂದ್ರದಲ್ಲಿ ಸೆಂಟ್ರಿಫ್ಯೂಜ್ (ತಿರುಗಿಸಿ ಕಣಗಳನ್ನು ಬೇರೆ ಮಾಡುವ ಯಂತ್ರ) ಇಲ್ಲ. ಬೆಳಗ್ಗೆ ತೆಗೆದ ರಕ್ತವನ್ನು ಜೆಲ್ ಇರುವ ಸೀರಮ್ ಟ್ಯೂಬ್ ಮತ್ತು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪೊಟ್ಯಾಸಿಯಮ್ ಲವಣ) ಟ್ಯೂಬ್‌ಗಳಲ್ಲಿ ಐಸ್ ಬಾಕ್ಸ್‌ಗೆ ಹಾಕಿ ಕಳಿಸುತ್ತಾರೆ. ನಮ್ಮ ಪ್ರಯೋಗಾಲಯ ತಲುಪಿ ಸೆಂಟ್ರಿಫ್ಯೂಜ್ ಆಗುವ ಹೊತ್ತಿಗೆ ಆರರಿಂದ ಎಂಟು ಗಂಟೆ ಆಗಿರುತ್ತದೆ. ತಪ್ಪು ಎಲ್ಲಿದೆ? ಈಗಾಗಲೇ ಬಂದಿರುವ ಅಂಕಿಗಳಿಂದ ಇಂತಿಷ್ಟು ಕಳೆದು ಸರಿಪಡಿಸಬಹುದೇ?

ಉತ್ತರ 1 (ರಕ್ತ ಸಂಗ್ರಹ ತರಬೇತಿ)

ಮೊದಲು ರಕ್ತ ತೆಗೆಯುವ ಕ್ರಮ ನೋಡಿ. ಇಡಿಟಿಎ ಟ್ಯೂಬ್ ಮೊದಲು ತುಂಬಿಸಿ ಆಮೇಲೆ ಸೀರಮ್ ಟ್ಯೂಬ್ ತುಂಬಿಸುತ್ತಿದ್ದರೆ, ಅಥವಾ ಸಿರಿಂಜ್‌ನಲ್ಲಿ ತೆಗೆದು ಸೂಜಿಯ ತುದಿ ಇಡಿಟಿಎಗೆ ತಾಗುವಂತೆ ಹಾಕುತ್ತಿದ್ದರೆ, ಆ ಪೊಟ್ಯಾಸಿಯಮ್ ಲವಣ ಸೀರಮ್‌ಗೆ ಸೇರುತ್ತದೆ. ಸರಿಯಾದ ಕ್ರಮ: ಸಿಟ್ರೇಟ್, ಸೀರಮ್, ಹೆಪಾರಿನ್, ಇಡಿಟಿಎ, ಕೊನೆಗೆ ಫ್ಲೋರೈಡ್. ಒಂದು ಟ್ಯೂಬ್‌ನಿಂದ ಇನ್ನೊಂದಕ್ಕೆ ರಕ್ತ ಸುರಿಯುವುದು ಯಾವ ಕಾರಣಕ್ಕೂ ಕೂಡದು.

ಎರಡನೆಯದು ಮುಷ್ಟಿ. ತೋಳಿಗೆ ಪಟ್ಟಿ ಬಿಗಿದು "ಮುಷ್ಟಿ ಬಿಗಿ ಮಾಡಿ, ಬಿಡಿ, ಬಿಗಿ ಮಾಡಿ" ಎಂದು ಹೇಳಿಸಿದರೆ ಮುಂಗೈ ಸ್ನಾಯುಗಳಿಂದ ಹೊರಬರುವ ಪೊಟ್ಯಾಸಿಯಮ್ಮೇ 1 ಮಿಲಿಮೋಲ್ ಏರಿಸಬಲ್ಲದು. ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ, ರಕ್ತ ಬರಲು ಶುರುವಾದ ಕೂಡಲೇ ಸಡಿಲಿಸಿ.

ಉತ್ತರ 2 (ಕ್ಲಿನಿಕಲ್ ಬಯೋಕೆಮಿಸ್ಟ್ರಿ)

ಮೇಲಿನ ಎರಡೂ ಪರಿಶೀಲಿಸಲೇಬೇಕು, ಆದರೆ ನನ್ನ ಅನುಮಾನವೆಲ್ಲ ಐಸ್ ಬಾಕ್ಸ್ ಮೇಲೆ.

ಇಡಿಟಿಎ ಬೆರೆತಿದೆಯೇ ಎಂದು ಲೆಕ್ಕದಲ್ಲೇ ಕಂಡುಹಿಡಿಯಬಹುದು. ಡೈಪೊಟ್ಯಾಸಿಯಮ್ ಇಡಿಟಿಎಯ ಒಂದು ಅಣುವಿಗೆ ಎರಡು ಪೊಟ್ಯಾಸಿಯಮ್. ಅಂದರೆ ಪೊಟ್ಯಾಸಿಯಮ್ 1 ಮಿಲಿಮೋಲ್ ಏರಬೇಕಾದರೆ ಸುಮಾರು 0.5 ಮಿಲಿಮೋಲ್ ಇಡಿಟಿಎ ಸೇರಿರಬೇಕು. ಅಷ್ಟು ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಸತುವನ್ನೂ ಮೆಗ್ನೀಸಿಯಂ ಅನ್ನೂ ಕಸಿದು ಆಲ್ಕಲೈನ್ ಫಾಸ್ಫಟೇಸ್ ಕಿಣ್ವವನ್ನು ಕುಗ್ಗಿಸುತ್ತದೆ. ಅದೇ ಸೀರಮ್‌ನಲ್ಲಿ ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್ ಎರಡನ್ನೂ ಮಾಡಿಸಿ. ಕೆಲವು ಕ್ಯಾಲ್ಸಿಯಂ ವಿಧಾನಗಳು ಇಡಿಟಿಎ ಹಿಡಿದ ಕ್ಯಾಲ್ಸಿಯಂನ ಒಂದಷ್ಟನ್ನು ಬಿಡಿಸಿ ಓದಿಬಿಡುತ್ತವೆ, ಆದ್ದರಿಂದ ಕ್ಯಾಲ್ಸಿಯಂ ಒಂದನ್ನೇ ನಂಬಿ ಕೂರಬೇಡಿ.

ಹೀಮೋಲಿಸಿಸ್ (ಕೆಂಪು ರಕ್ತಕಣಗಳು ಒಡೆಯುವುದು) ಎಂದು ಹೇಳಲೂ ಕಷ್ಟ. ಕಣಗಳು ಒಡೆದೇ 1 ಮಿಲಿಮೋಲ್ ಏರಬೇಕಾದರೆ ಸೀರಮ್‌ನಲ್ಲಿ ಲೀಟರ್‌ಗೆ ಸುಮಾರು 3 ಗ್ರಾಂ ಹಿಮೋಗ್ಲೋಬಿನ್ ಇರಬೇಕಾಗುತ್ತದೆ. ಅಂಥ ಸೀರಮ್ ಯಾರ ಕಣ್ಣಿಗಾದರೂ ಕೆಂಪಾಗಿ ಕಾಣುತ್ತದೆ, ಎಲ್‌ಡಿಎಚ್ (ಕಣಗಳೊಳಗಿನ ಒಂದು ಕಿಣ್ವ) ಕೂಡ ಜೋರಾಗಿ ಏರಿರುತ್ತದೆ. ಆದರೂ ಕಣ್ಣಂದಾಜು ಬಿಟ್ಟು ಯಂತ್ರದ ಹೀಮೋಲಿಸಿಸ್ ಸೂಚ್ಯಂಕವನ್ನು ಪ್ರತಿ ಸ್ಯಾಂಪಲ್‌ಗೂ ದಾಖಲಿಸಿ.

ಕಣ ಒಡೆಯದೆಯೂ ಪೊಟ್ಯಾಸಿಯಮ್ ಸೋರುತ್ತದೆ, ಇಲ್ಲಿ ಆಗುತ್ತಿರುವುದು ಬಹುಶಃ ಅದೇ. ಕೆಂಪು ರಕ್ತಕಣದ ಒಳಗಿನ ನೀರಿನಲ್ಲಿ ಪೊಟ್ಯಾಸಿಯಮ್ ಸುಮಾರು 140 ಮಿಲಿಮೋಲ್, ಹೊರಗೆ 4. ಈ ಅಂತರವನ್ನು ಕಾಯುವುದು ಸೋಡಿಯಮ್-ಪೊಟ್ಯಾಸಿಯಮ್ ಪಂಪ್, ಅಂದರೆ 1957ರಲ್ಲಿ ಯೆನ್ಸ್ ಸ್ಕೌ ಏಡಿಯ ನರದಲ್ಲಿ ಗುರುತಿಸಿದ ಕಿಣ್ವ. ಅದು ತಣ್ಣಗಾದರೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ಸೋರಿಕೆ ಮಾತ್ರ ನಿಲ್ಲುವುದಿಲ್ಲ.

ಎಷ್ಟು ಸೋರಿದರೆ ಸಾಕು ನೋಡಿ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ. 45 ಇರುವ ಒಂದು ಲೀಟರ್ ರಕ್ತದಲ್ಲಿ ಕಣಗಳೊಳಗೆ ಸುಮಾರು 45 ಮಿಲಿಮೋಲ್ ಪೊಟ್ಯಾಸಿಯಮ್ ಇರುತ್ತದೆ. ಅದರಲ್ಲಿ ಶೇ. 1 ಹೊರಬಂದರೆ 0.45 ಮಿಲಿಮೋಲ್. ಅದು ಸೇರುವುದು 0.55 ಲೀಟರ್ ಪ್ಲಾಸ್ಮಾಕ್ಕೆ. ಅಲ್ಲಿಗೆ 0.8ರಷ್ಟು ಏರಿತು! ಸೀರಮ್ ಬಣ್ಣ ಒಂದಿಷ್ಟೂ ಬದಲಾಗಿರುವುದಿಲ್ಲ. ಹೊರಹೋದ ಪೊಟ್ಯಾಸಿಯಮ್ ಜಾಗಕ್ಕೆ ಒಳಹೋಗುವ ಸೋಡಿಯಮ್ 140ರ ಮುಂದೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ.

ಬೆಚ್ಚಗಿನ ಜಾಗದಲ್ಲಿ ತಡವಾದರೆ ಚಿತ್ರ ಬೇರೆ. ಅಲ್ಲಿ ಗ್ಲೂಕೋಸ್ ಇರುವಷ್ಟು ಹೊತ್ತು ಪಂಪ್ ಓಡುತ್ತದೆ, ಪೊಟ್ಯಾಸಿಯಮ್ ಸ್ವಲ್ಪ ಇಳಿಯಲೂಬಹುದು. ಗ್ಲೂಕೋಸ್ ಗಂಟೆಗೆ ಶೇ. 5ರಿಂದ 7ರಷ್ಟು ಖರ್ಚಾಗುತ್ತದೆ. ಐಸ್‌ನಲ್ಲಿ ಗ್ಲೂಕೋಸ್ ಹೆಚ್ಚು ಇಳಿಯುವುದಿಲ್ಲ. ಹಾಗಾಗಿ "ಗ್ಲೂಕೋಸ್ ಸರಿಯಾಗಿದೆ, ಸ್ಯಾಂಪಲ್ ಚೆನ್ನಾಗಿದೆ" ಎಂದುಕೊಂಡರೆ ಮೋಸ ಹೋಗುತ್ತೀರಿ.

ಪ್ರಶ್ನೆ ಕೇಳಿದವರು

ಉಳಿದಿದ್ದ ಸೀರಮ್‌ನಲ್ಲಿ ಮಾಡಿಸಿದೆವು. ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್, ಎಲ್‌ಡಿಎಚ್ ಮೂರೂ ಸಾಮಾನ್ಯ. ಹೀಮೋಲಿಸಿಸ್ ಸೂಚ್ಯಂಕವೂ ಕಡಿಮೆ. ಸೀರಮ್ ಟ್ಯೂಬ್ ಅನ್ನೇ ಮೊದಲು ತುಂಬಿಸುತ್ತಾರೆ, ಮುಷ್ಟಿ ಹಿಡಿಸುವುದಿಲ್ಲ ಎಂದೂ ಖಚಿತವಾಯಿತು. ಹಾಗಾದರೆ ತಂಪೇ ಕಾರಣವೇ? ಅದನ್ನು ಸಾಧಿಸಿ ತೋರಿಸುವುದು ಹೇಗೆ? ರೆನಿನ್ ಟ್ಯೂಬ್ ಐಸ್‌ನಲ್ಲೇ ಇರಬೇಕಲ್ಲವೇ?

ಉತ್ತರ 2 (ಮತ್ತೆ)

ಸಾಧಿಸುವುದು ಸುಲಭ. ನೈತಿಕ ಸಮಿತಿಯ ಒಪ್ಪಿಗೆ ಪಡೆದು ಸ್ವಯಂಸೇವಕರಿಂದ ಒಂದೇ ಸೂಜಿಯಲ್ಲಿ ನಾಲ್ಕು ಸೀರಮ್ ಟ್ಯೂಬ್ ತೆಗೆಯಿರಿ. ಮೊದಲನೆಯದನ್ನು 30 ನಿಮಿಷ ಹೆಪ್ಪುಗಟ್ಟಲು ಬಿಟ್ಟು ಕೂಡಲೇ ಸೆಂಟ್ರಿಫ್ಯೂಜ್ ಮಾಡಿ. ಎರಡನೆಯದು 20ರಿಂದ 25 ಡಿಗ್ರಿಯಲ್ಲಿ ಏಳು ಗಂಟೆ ಇದ್ದು ಆಮೇಲೆ. ಮೂರನೆಯದು ನಿಮ್ಮ ಐಸ್ ಬಾಕ್ಸ್‌ನಲ್ಲೇ ಏಳು ಗಂಟೆ. ನಾಲ್ಕನೆಯದನ್ನು ಮೊದಲು ಸೆಂಟ್ರಿಫ್ಯೂಜ್ ಮಾಡಿ, ಸೀರಮ್ ಜೆಲ್ ಮೇಲೆ ನಿಂತ ನಂತರ ಐಸ್ ಬಾಕ್ಸ್‌ಗೆ ಹಾಕಿ. ಮೂರನೆಯದು ಮಾತ್ರ ಏರಿ ನಾಲ್ಕನೆಯದು ಮೊದಲನೆಯದರಂತೆಯೇ ಬಂದರೆ ತಂಪಿನಲ್ಲಿ ಕಣಗಳ ಜೊತೆ ಇದ್ದದ್ದೇ ಕಾರಣ ಎಂದಾಯಿತು. ಯಾವ ಟ್ಯೂಬ್ ಮೊದಲು ತುಂಬುತ್ತದೆ ಎಂಬುದನ್ನು ಒಬ್ಬೊಬ್ಬರಿಗೂ ಬದಲಿಸಿ, ನಾಲ್ಕನ್ನೂ ಒಂದೇ ರನ್‌ನಲ್ಲಿ ಓದಿಸಿ, ಬಾಕ್ಸ್ ಒಳಗೆ ತಾಪಮಾನ ಲಾಗರ್ ಇಡಿ.

ಮುಂದಿನ ದಾರಿ ಒಂದೇ: ಆ ಕೇಂದ್ರಕ್ಕೆ ಒಂದು ಸಣ್ಣ ಸೆಂಟ್ರಿಫ್ಯೂಜ್ ಕೊಡಿ. ಸೀರಮ್ ಟ್ಯೂಬ್ ಅನ್ನು ಐದಾರು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕೊಠಡಿ ತಾಪಮಾನದಲ್ಲಿ 30 ನಿಮಿಷ ನೆಟ್ಟಗೆ ನಿಲ್ಲಿಸಿ, 1300 ಜಿ (ಗುರುತ್ವದ 1300 ಪಟ್ಟು) ಬಲದಲ್ಲಿ 10 ನಿಮಿಷ. ರಕ್ತ ತೆಗೆದ ಎರಡು ಗಂಟೆಯೊಳಗೆ ಸೀರಮ್ ಕಣಗಳಿಂದ ಬೇರೆಯಾಗಿರಬೇಕು. ಆಮೇಲೆ ಐಸ್ ಬಾಕ್ಸ್‌ನಲ್ಲಿ ಕಳಿಸಿದರೆ ಪೊಟ್ಯಾಸಿಯಮ್‌ಗೆ ಏನೂ ಆಗುವುದಿಲ್ಲ.

ಕಾರ್ಯವಿಧಾನದಲ್ಲಿ "3000 ಆರ್‌ಪಿಎಂ" ಎಂದಷ್ಟೇ ಬರೆಯಬೇಡಿ. ರೋಟರ್ ತ್ರಿಜ್ಯ 16 ಸೆಂ.ಮೀ. ಇದ್ದರೆ ಅದು ಸುಮಾರು 1600 ಜಿ, 10 ಸೆಂ.ಮೀ. ಇದ್ದರೆ 1000 ಜಿ ಮಾತ್ರ. ಸಣ್ಣ ಯಂತ್ರದಲ್ಲಿ ಜೆಲ್ ಸರಿಯಾಗಿ ಕೂರದೆ ಹೋಗುವುದು ಹೀಗೆಯೇ. ಸೂತ್ರ: 0.00001118 × ಸೆಂ.ಮೀ.ನಲ್ಲಿ ತ್ರಿಜ್ಯ × ಆರ್‌ಪಿಎಂ × ಆರ್‌ಪಿಎಂ. ಜೆಲ್ ಸರಿ ಕೂರಲಿಲ್ಲವೆಂದು, ಇಟ್ಟು ತಡವಾದ ಟ್ಯೂಬ್ ಅನ್ನು ಮತ್ತೆ ತಿರುಗಿಸಲೇಬೇಡಿ. ಜೆಲ್ ಕೆಳಗೆ ಕಣಗಳ ಜೊತೆ ಉಳಿದ, ಪೊಟ್ಯಾಸಿಯಮ್ ತುಂಬಿದ ದ್ರವ ಮೇಲೆ ಬಂದು ಬೆರೆಯುತ್ತದೆ.

ಉತ್ತರ 3 (ಶರೀರಕ್ರಿಯಾ ವಿಭಾಗ)

ರೆನಿನ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಅಧ್ಯಯನದಲ್ಲಿ ಪೊಟ್ಯಾಸಿಯಮ್‌ಗಿಂತ ಸದ್ದಿಲ್ಲದೆ ಕೆಡುತ್ತಿರುವುದು ಅದು. ಎಸಿಟಿಎಚ್‌ನಂಥ ಹಾರ್ಮೋನುಗಳಿಗೆ ಐಸ್ ಬೇಕು, ಆ ರೂಢಿಯಲ್ಲೇ ರೆನಿನ್ ಅನ್ನೂ ಐಸ್‌ಗೆ ಹಾಕುತ್ತಾರೆ. ರೆನಿನ್‌ಗೆ ಅದು ನೇರ ಹಾನಿ. ಪ್ಲಾಸ್ಮಾದಲ್ಲಿ ಸಕ್ರಿಯ ರೆನಿನ್‌ಗಿಂತ ಹಲವು ಪಟ್ಟು ಪ್ರೊರೆನಿನ್ (ಇನ್ನೂ ಸಕ್ರಿಯವಾಗದ ರೆನಿನ್) ಇರುತ್ತದೆ. ದ್ರವರೂಪದಲ್ಲೇ ಶೂನ್ಯಕ್ಕೆ ಹತ್ತಿರದ ತಂಪಿನಲ್ಲಿ ಗಂಟೆಗಟ್ಟಲೆ ಇದ್ದರೆ ಅದರ ಒಂದು ಪಾಲು ಸಕ್ರಿಯವಾಗಿ ರೆನಿನ್ ಎಂದೇ ಓದಿಸಿಕೊಳ್ಳುತ್ತದೆ. ರೆನಿನ್ ಸುಳ್ಳಾಗಿ ಏರಿದರೆ ಆಲ್ಡೋಸ್ಟೆರೋನ್-ರೆನಿನ್ ಅನುಪಾತ ಸುಳ್ಳಾಗಿ ಇಳಿಯುತ್ತದೆ. ಪ್ರಾಥಮಿಕ ಆಲ್ಡೋಸ್ಟೆರೋನಿಸಂ (ಅಡ್ರಿನಲ್ ಗ್ರಂಥಿ ತಾನಾಗಿಯೇ ಹೆಚ್ಚು ಆಲ್ಡೋಸ್ಟೆರೋನ್ ಸುರಿಸುವ ಸ್ಥಿತಿ) ಇರುವವರು, ಅಂದರೆ ಈ ಔಷಧಿ ಚೆನ್ನಾಗಿ ಕೆಲಸ ಮಾಡುವ ಗುಂಪೇ ಕಣ್ತಪ್ಪಿ ಹೋಗುತ್ತದೆ.

ರೆನಿನ್ ಇರುವ ಇಡಿಟಿಎ ಟ್ಯೂಬ್ ಕೊಠಡಿ ತಾಪಮಾನದಲ್ಲೇ ಇರಲಿ, ಅಲ್ಲೇ ಬೇಗ ಸೆಂಟ್ರಿಫ್ಯೂಜ್ ಆಗಲಿ. ನಿಮ್ಮ ಪ್ರಯೋಗಾಲಯದ ಯಂತ್ರ ಸದಾ 4 ಡಿಗ್ರಿಗೆ ಇಟ್ಟಿದ್ದರೆ ಇದಕ್ಕಾಗಿ ಬದಲಿಸಬೇಕು. ಪ್ಲಾಸ್ಮಾ ತೆಗೆಯುವಾಗ ಕಣಗಳ ಮೇಲಿನ ಬಿಳಿ ಪದರದಿಂದ ಅರ್ಧ ಸೆಂ.ಮೀ. ಬಿಟ್ಟು, 0.5 ಮಿ.ಲೀ. ಭಾಗಗಳಾಗಿ ತಕ್ಷಣ ಘನೀಕರಿಸಿ ಒಣ ಮಂಜುಗಡ್ಡೆಯಲ್ಲಿ ಕಳಿಸಿ. ಪೂರ್ತಿ ಗಟ್ಟಿಯಾದ ಮೇಲೆ ಭಯವಿಲ್ಲ, ಅಪಾಯ ಇರುವುದು ದ್ರವವಾಗಿಯೇ ತಣ್ಣಗಿರುವಾಗ. ಆದ್ದರಿಂದಲೇ ಕರಗಿಸುವುದನ್ನೂ ಫ್ರಿಜ್‌ನಲ್ಲಿ ರಾತ್ರಿಯಿಡೀ ಇಟ್ಟು ಮಾಡಬಾರದು. ಕೊಠಡಿ ತಾಪಮಾನದಲ್ಲಿ ಬೇಗ ಕರಗಿಸಿ, ಕೂಡಲೇ ಪರೀಕ್ಷೆಗೆ ಹಾಕಿ. ಕರಗಿದ ಪ್ಲಾಸ್ಮಾ ಪದರ ಪದರವಾಗಿರುತ್ತದೆ, ಎಂಟು ಹತ್ತು ಸಲ ತಲೆಕೆಳಗು ಮಾಡದೆ ಪಿಪೆಟ್ ಇಳಿಸಬೇಡಿ.

ಉತ್ತರ 4 (ಅಧ್ಯಯನ ವಿನ್ಯಾಸ, ಸುರಕ್ಷತೆ)

ಇಂತಿಷ್ಟು ಕಳೆದು ಸರಿಪಡಿಸುವುದು ಬೇಡ. ಸೋರಿಕೆ ಗಂಟೆ, ತಾಪಮಾನ, ಹೆಮಟೋಕ್ರಿಟ್‌ಗೆ ತಕ್ಕಂತೆ ಬದಲಾಗುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೂ ಬದಲಾಗುತ್ತದೆ. ಎಬಿಸಿಬಿ6 ವಂಶವಾಹಿಯಲ್ಲಿ ಕೆಲವು ವ್ಯತ್ಯಾಸಗಳಿರುವವರ ಕಣಗಳು ತಣ್ಣಗಾದೊಡನೆ ಬೇರೆಯವರಿಗಿಂತ ಬಹಳ ಹೆಚ್ಚು ಸೋರುತ್ತವೆ. ಒಂದೇ ಸಂಖ್ಯೆ ಎಲ್ಲರಿಗೂ ಹೊಂದದು.

ಹೆಚ್ಚು ಚಿಂತಿಸಬೇಕಾದದ್ದು ಬೇರೆ ಇದೆ. ಆ ಕೇಂದ್ರದ "ಸಾಮಾನ್ಯ" ಫಲಿತಾಂಶಗಳನ್ನೂ ನಂಬುವ ಹಾಗಿಲ್ಲ. ಮೂತ್ರವರ್ಧಕ ತೆಗೆದುಕೊಳ್ಳುತ್ತಿರುವವರ ನಿಜವಾದ ಪೊಟ್ಯಾಸಿಯಮ್ 3.1 ಇದ್ದು ವರದಿಯಲ್ಲಿ 4.1 ಎಂದು ಬಂದಿದ್ದರೆ ಯಾರ ಗಮನಕ್ಕೂ ಬಂದಿರುವುದಿಲ್ಲ. ಈಗ ಅಧ್ಯಯನದಲ್ಲಿರುವ ಎಲ್ಲರ ರಕ್ತವನ್ನೂ ಸರಿಯಾದ ಕ್ರಮದಲ್ಲಿ ಮತ್ತೊಮ್ಮೆ ನೋಡಿ. ಬಾಕ್ಸ್ ಮೇಲೆ ಅನುಮಾನವಿದೆ ಎಂದು 5.5 ದಾಟಿದವರನ್ನು ಸುಳ್ಳು ಏರಿಕೆ ಎಂದು ಬಿಡಬೇಡಿ. ಸ್ಪೈರೊನೊಲ್ಯಾಕ್ಟೋನ್ ಮೇಲಿರುವವರಲ್ಲಿ ಅದು ನಿಜವೂ ಆಗಿರಬಹುದು. ಅದೇ ದಿನ ಇಸಿಜಿ, ಹೆಪಾರಿನ್ ಟ್ಯೂಬ್‌ನಲ್ಲಿ ಹೊಸ ಸ್ಯಾಂಪಲ್, ಅಲ್ಲೇ ಪ್ರತ್ಯೇಕಿಸಿ ಪರೀಕ್ಷೆ. ಬ್ಲಡ್ ಗ್ಯಾಸ್ ಯಂತ್ರದಲ್ಲಿ ನೋಡಿದರೆ ಬೇಗ ಸಿಗುತ್ತದೆ, ಆದರೆ ಇಡೀ ರಕ್ತವಾದ್ದರಿಂದ ಹೀಮೋಲಿಸಿಸ್ ಆಗಿದ್ದರೆ ಕಣ್ಣಿಗೆ ಬೀಳುವುದಿಲ್ಲ.

ಅಂಕಿಗಳ ಮಟ್ಟಿಗೆ ಹೇಳುವುದಾದರೆ, ಆ ಕೇಂದ್ರದ ಹಳೆಯ ಪೊಟ್ಯಾಸಿಯಮ್ ಮತ್ತು ರೆನಿನ್ ಮೌಲ್ಯಗಳನ್ನು ಅಳಿಸದೆ "ಸಂಗ್ರಹ ದೋಷ, ಅಮಾನ್ಯ" ಎಂದು ಗುರುತಿಸಿ. ಯಾರು ಯಾವ ಗುಂಪು ಎಂದು ತೆರೆಯುವ ಮೊದಲೇ ಈ ನಿರ್ಧಾರ ದಿನಾಂಕದೊಂದಿಗೆ ಬರಹದಲ್ಲಿ ಇರಬೇಕು. ಸುಳ್ಳು ಏರಿಕೆ ನೋಡಿ ಯಾರದಾದರೂ ಡೋಸ್ ಇಳಿಸಿದ್ದರೆ ಅದು ನಿಜವಾಗಿ ನಡೆದ ಸಂಗತಿ, ಅವರನ್ನು ಹಂಚಿದ ಗುಂಪಿನಲ್ಲೇ ಇಟ್ಟು ವಿಶ್ಲೇಷಿಸಿ. ನೈತಿಕ ಸಮಿತಿಗೆ ವಿಚಲನ ವರದಿ ಈಗಲೇ ಹೋಗಲಿ, ಟ್ಯೂಬ್ ಪ್ರಯೋಗದ ಫಲಿತಾಂಶ ಬಂದ ಮೇಲೆ ಅದನ್ನು ಪೂರಕವಾಗಿ ಸೇರಿಸಬಹುದು.