ಕೀಬೋರ್ಡ್, ಮೌಸ್ ಎರಡರಲ್ಲೂ ಲೈಟ್ ಬರುತ್ತೆ, ಮೊಬೈಲ್‌ನಲ್ಲಿ ಏನೂ ಬರಲ್ಲ

ಅರ್ಧರಾತ್ರಿ_ಟೈಪಿಸ್ಟ್:
ತಲೆ ಕೆಟ್ಟು ಹೋಗಿದೆ. ಟೈಪ್-ಸಿ ಹಬ್ (ಒಂದೇ ಪೋರ್ಟ್‌ಗೆ ಹಲವು ಸಾಧನ ಸಿಕ್ಕಿಸುವ ಡಬ್ಬಿ) ತಗೊಂಡು ಮೊಬೈಲ್‌ಗೆ ಕೀಬೋರ್ಡ್, ಮೌಸ್ ಎರಡನ್ನೂ ಸಿಕ್ಕಿಸಿದ್ದೇನೆ. ಕೀಬೋರ್ಡ್ ಬಣ್ಣಬಣ್ಣದ ಲೈಟ್ ಹಾಕಿಕೊಂಡು ಝಗಝಗ ಅನ್ನುತ್ತಿದೆ. ಮೌಸ್ ಹೊಟ್ಟೆಯಡಿ ಕೆಂಪು ಲೈಟೂ ಉರಿಯುತ್ತಿದೆ. ಆದರೆ ಸ್ಕ್ರೀನ್ ಮೇಲೆ ಬಾಣ ಇಲ್ಲ, ಒಂದಕ್ಷರ ಮೂಡಲ್ಲ. ಲ್ಯಾಪ್‌ಟಾಪ್‌ಗೆ ಹಾಕಿದರೆ ಎರಡೂ ಚೆನ್ನಾಗಿಯೇ ಓಡುತ್ತವೆ. ರೀಸ್ಟಾರ್ಟ್ ಮಾಡಿ ಅಂತ ಮಾತ್ರ ಹೇಳಬೇಡಿ, ಅದೆಲ್ಲ ಆಗಿದೆ.

ಸೆಟ್ಟಿಂಗ್ಸ್_ಸ್ವಾಮಿ:
ಒಟಿಜಿ, ಅಂದರೆ ಫೋನಿಗೆ ಮೌಸ್, ಪೆನ್‌ಡ್ರೈವ್ ಥರದ್ದನ್ನು ಸಿಕ್ಕಿಸಲು ಬಿಡುವ ಸೌಲಭ್ಯ, ಆಫ್ ಇದೆ, ಅಷ್ಟೇ. ಸೆಟ್ಟಿಂಗ್ಸ್‌ಗೆ ಹೋಗಿ ಮೇಲಿನ ಹುಡುಕುವ ಜಾಗದಲ್ಲಿ ಒಟಿಜಿ ಅಂತ ಹಾಕಿ, ಸಿಗುತ್ತೆ. ಕೆಲವು ಕಂಪನಿಯ ಫೋನುಗಳಲ್ಲಿ ಅದನ್ನು ಆನ್ ಮಾಡಿ ಸುಮ್ನೆ ಬಿಟ್ಟರೆ ಹತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತೆ.

ಅರ್ಧರಾತ್ರಿ_ಟೈಪಿಸ್ಟ್:
ಹುಡುಕಿದೆ. ಹಾಗೊಂದು ಆಯ್ಕೆಯೇ ಇಲ್ಲ.

ಸೆಟ್ಟಿಂಗ್ಸ್_ಸ್ವಾಮಿ:
ಇದ್ದೇ ಇರುತ್ತೆ. ಇತರೆ ಸೆಟ್ಟಿಂಗ್ಸ್ ಒಳಗೆ ನೋಡಿ. ಫೋನ್ ಯಾವುದು ಅಂತ ಹೇಳಲೇ ಇಲ್ಲವಲ್ಲ?

ಐದು_ವೋಲ್ಟ್:
ಸ್ವಾಮಿಗಳೇ, ಮೌಸ್ ಲೈಟ್ ಉರಿಯುತ್ತಿದೆ ಅಂತ ಅವರು ಮೊದಲೇ ಬರೆದಿದ್ದಾರೆ. ಅಂದರೆ ಫೋನಿಂದ ಐದು ವೋಲ್ಟ್ ಹೊರಗೆ ಬರುತ್ತಿದೆ. ಒಟಿಜಿ ಆಫ್ ಇದ್ದರೆ ಕರೆಂಟೇ ಬರಲ್ಲ. ಎಷ್ಟೋ ಫೋನುಗಳಲ್ಲಿ ಆ ಸ್ವಿಚ್ಚೇ ಇರಲ್ಲ, ಸಿಕ್ಕಿಸಿದ ತಕ್ಷಣ ತಾನೇ ಗುರುತು ಹಿಡಿಯುತ್ತೆ. ನನ್ನ ಅನುಮಾನ ಹಬ್ ಮೇಲೆ. ಹಬ್ ತೆಗೆದು ಮೌಸ್ ಒಂದನ್ನೇ ಸಣ್ಣ ಒಟಿಜಿ ಕನೆಕ್ಟರ್‌ನಲ್ಲಿ ಹಾಕಿ ನೋಡಿ.

ವೈರ್_ಬೇಡಪ್ಪ:
ಈ ಕಾಲದಲ್ಲೂ ವೈರ್ ಯಾಕೆ? ಬ್ಲೂಟೂತ್ ಕೀಬೋರ್ಡ್ ತಗೊಳ್ಳಿ. ನನ್ನದು ಮೂರು ಸಾಧನಕ್ಕೆ ಜೋಡಿಯಾಗುತ್ತೆ. ಒಂದು ಕೀ ಒತ್ತಿದರೆ ಟ್ಯಾಬ್, ಇನ್ನೊಂದು ಒತ್ತಿದರೆ ಫೋನ್, ಮೂರನೆಯದಕ್ಕೆ ಟಿವಿ. ಟ್ಯಾಬ್‌ಗೆ ಮರದ ಸ್ಟ್ಯಾಂಡ್, ಪಕ್ಕದಲ್ಲಿ ಟ್ರ್ಯಾಕ್‌ಬಾಲ್. ಮೇಜಿನ ಮೇಲೆ ಒಂದು ವೈರ್ ಇಲ್ಲ.

ಐದು_ವೋಲ್ಟ್:
ಕೈ ಬಿಟ್ಟು ಸ್ವಲ್ಪ ಹೊತ್ತಾದರೆ ಅದು ನಿದ್ದೆಗೆ ಜಾರುತ್ತೆ. ಆಮೇಲೆ ಟೈಪ್ ಮಾಡಿದರೆ ಮೊದಲ ಅಕ್ಷರ ನುಂಗಿಬಿಡುತ್ತೆ. ‘ನಮಸ್ಕಾರ’ ಅಂತ ಹೊಡೆದರೆ ‘ಮಸ್ಕಾರ’.

ವೈರ್_ಬೇಡಪ್ಪ:
ಹತ್ತು ವರ್ಷ ಹಳೆಯ ಕೀಬೋರ್ಡ್ ಇಟ್ಟುಕೊಂಡರೆ ಹಾಗೇ ಆಗೋದು.

ಸೆಟ್ಟಿಂಗ್ಸ್_ಸ್ವಾಮಿ:
ಒಟಿಜಿ ಸಿಕ್ತಾ?

ಪಿನ್_ಎಣಿಸುವವ:
ಒಂದು ಪ್ರಶ್ನೆ. ಹಬ್‌ಗೆ ಬೇರೆ ಏನಾದರೂ ಸಿಕ್ಕಿಸಿದ್ದೀರಾ?

ಅರ್ಧರಾತ್ರಿ_ಟೈಪಿಸ್ಟ್:
ಇನ್ನೇನು, ಚಾರ್ಜರ್. ಹಬ್‌ನಲ್ಲಿ ಅದಕ್ಕೇ ಅಂತ ಒಂದು ಪೋರ್ಟ್ ಇದೆ. ಇಲ್ಲದಿದ್ದರೆ ರಾತ್ರಿಯೆಲ್ಲ ಬ್ಯಾಟರಿ ತಡೆಯುತ್ತಾ? ಫೋನ್ ಚಾರ್ಜ್ ಆಗ್ತಾನೇ ಇದೆ, ಹಬ್ ಸರಿಯಾಗೇ ಇದೆ.

ಪಿನ್_ಎಣಿಸುವವ:
ಅಲ್ಲೇ ಇದೆ ಗಂಟು. ಆ ಲೈಟೆಲ್ಲ ಉರಿಯುತ್ತಿರೋದು ಚಾರ್ಜರ್ ಕರೆಂಟಿನಲ್ಲಿ. ಅದರಿಂದ ಫೋನಿನ ಬಗ್ಗೆ ಏನೂ ಗೊತ್ತಾಗಲ್ಲ.

ಟೈಪ್-ಸಿಯಲ್ಲಿ ಮೊದಲಿನ ಲೆಕ್ಕ ಹೀಗೆ: ಕರೆಂಟ್ ಕೊಡುವ ಕಡೆಯೇ ಯಜಮಾನ, ತೆಗೆದುಕೊಳ್ಳುವ ಕಡೆ ಬರೀ ಸಾಧನ. ಮೌಸ್ ಮಾತು ಕೇಳೋದು ಯಜಮಾನ ಮಾತ್ರ. ಚಾರ್ಜ್ ತಗೊಳ್ಳುತ್ತಲೇ ಫೋನ್ ಯಜಮಾನನೂ ಆಗಬೇಕಾದರೆ, ಕರೆಂಟಿನ ದಿಕ್ಕು ಹಾಗೇ ಇಟ್ಟು ಡೇಟಾ ಪಾತ್ರವನ್ನಷ್ಟೇ (ಯಾರು ಯಜಮಾನ, ಯಾರು ಸಾಧನ ಅನ್ನೋದನ್ನು) ಅದಲುಬದಲು ಮಾಡಿಕೊಳ್ಳಬೇಕು. ಆ ಮಾತುಕತೆ ನಡೆಯೋದು ಪವರ್ ಡೆಲಿವರಿ ಅನ್ನೋ ಪದ್ಧತಿಯಲ್ಲಿ, ಕನೆಕ್ಟರ್‌ನಲ್ಲಿ ಇಂಥ ಮಾತುಕತೆಗಿರುವ ಸಿಸಿ ಅನ್ನೋ ಪಿನ್ ಮೇಲೆ. ಫೋನಿಗೋ ಹಬ್‌ಗೋ ಅದು ಬರದಿದ್ದರೆ ಫೋನ್ ಸುಮ್ನೆ ಚಾರ್ಜ್ ಆಗುತ್ತಾ ಕೂತಿರುತ್ತೆ. ವೇಗದ ಚಾರ್ಜಿಂಗ್ ಇದ್ದ ಮಾತ್ರಕ್ಕೆ ಇದೂ ಇರುತ್ತೆ ಅಂತಲ್ಲ. ಎಲ್ಲ ಬಿಚ್ಚಿ, ಚಾರ್ಜರ್ ಇಲ್ಲದೆ ಹಬ್ ಹಾಕಿ ನೋಡಿ.

ಅರ್ಧರಾತ್ರಿ_ಟೈಪಿಸ್ಟ್:
ಬಾಣ ಬಂತು!! ಮೌಸ್ ಓಡ್ತಿದೆ. ಆದರೆ ಕೀಬೋರ್ಡ್ ಸಿಕ್ಕಿಸಿದ ತಕ್ಷಣ ಅದರ ಲೈಟ್ ಒಮ್ಮೆ ಮಿಂಚಿ ಆರುತ್ತೆ, ಮತ್ತೆ ಹತ್ತುತ್ತೆ, ಮತ್ತೆ ಆರುತ್ತೆ. ಜೊತೆಗೆ ಮೌಸೂ ಸಾಯುತ್ತೆ.

ಸೆಟ್ಟಿಂಗ್ಸ್_ಸ್ವಾಮಿ:
ಒಟಿಜಿ ಆನ್ ಆಫ್ ಆಗ್ತಿದೆ ನೋಡಿ. ಹೇಳಿದೆನಲ್ಲ.

ಐದು_ವೋಲ್ಟ್:
ಅಯ್ಯೋ, ಬಿಡ್ರೀ ಅದನ್ನ. ಇದು ಕರೆಂಟ್ ಸಾಲದೆ ಆಗೋದು. ಯುಎಸ್‌ಬಿ 2.0 ಲೆಕ್ಕದಲ್ಲಿ ಒಂದು ಸಾಧನ ಹೆಚ್ಚೆಂದರೆ 500 ಮಿಲಿಆಂಪಿಯರ್ ಕೇಳಬಹುದು. ಮೌಸ್‌ಗೆ 100 ಧಾರಾಳ. ಅಷ್ಟೊಂದು ಲೈಟಿರುವ ಕೀಬೋರ್ಡ್ ಉಳಿದದ್ದನ್ನೆಲ್ಲ ಕುಡಿಯುತ್ತೆ. ಜಾಸ್ತಿ ಎಳೆದರೆ ಫೋನ್ ಕರೆಂಟ್ ಕಡಿದುಬಿಡುತ್ತೆ, ಮತ್ತೆ ಕೊಡುತ್ತೆ, ಮತ್ತೆ ಕಡಿಯುತ್ತೆ. ಕೀಬೋರ್ಡನ್ನು ಲ್ಯಾಪ್‌ಟಾಪ್‌ಗೆ ಹಾಕಿ ಎಫ್‌ಎನ್ ಕೀ ಹಿಡಿದು ಲೈಟ್ ಪೂರ್ತಿ ಆರಿಸಿ. ಕೆಲವು ಕೀಬೋರ್ಡ್ ಆ ಸೆಟ್ಟಿಂಗನ್ನು ನೆನಪಿಟ್ಟುಕೊಳ್ಳುತ್ತವೆ.

ಅರ್ಧರಾತ್ರಿ_ಟೈಪಿಸ್ಟ್:
ಲೈಟ್ ಆರಿಸಿದ ಮೇಲೆ ಎರಡೂ ನಡೀತಿವೆ. ಆಲ್ಟ್-ಟ್ಯಾಬ್ ಕೂಡ ಕೆಲಸ ಮಾಡುತ್ತೆ! ಆದರೆ ಲೈಟ್ ನೋಡಿಯೇ ಈ ಕೀಬೋರ್ಡ್ ತಗೊಂಡಿದ್ದು. ಚಾರ್ಜ್ ಹೇಗೆ ಮಾಡಲಿ?

ಪಿನ್_ಎಣಿಸುವವ:
ನಿಮ್ಮ ಫೋನಿನಲ್ಲಿ ವೈರ್‌ಲೆಸ್ ಚಾರ್ಜಿಂಗ್ ಇದ್ದರೆ ಪ್ಯಾಡ್ ಮೇಲಿಡಿ, ಪೋರ್ಟ್ ಖಾಲಿಯಾಗಿ ಹಬ್‌ಗೆ ಉಳಿಯುತ್ತೆ. ಇಲ್ಲದಿದ್ದರೆ ಪವರ್ ಡೆಲಿವರಿ ಸರಿಯಾಗಿ ಇರುವ ಬೇರೆ ಹಬ್ ಹಾಕಿ ನೋಡಬೇಕು. ಆದರೆ ಫೋನಿಗೇ ಅದು ಬರದಿದ್ದರೆ ದುಡ್ಡು ದಂಡ. ಅದಕ್ಕೇ ಮಾಡೆಲ್ ಹೇಳಿ ಅಂತ ಎಲ್ಲರೂ ಕೇಳ್ತಿರೋದು.

ವೈರ್_ಬೇಡಪ್ಪ:
ಬ್ಲೂಟೂತ್ ತಗೊಂಡಿದ್ದರೆ ಈ ತಕರಾರೇ ಇರ್ತಿರಲಿಲ್ಲ. ನನ್ನ ಮೇಜಿನ ಫೋಟೊ ಹಾಕ್ತೀನಿ ತಾಳಿ.

ಹೊಸಬ_ಟ್ಯಾಬ್:
ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನದು ಐಪ್ಯಾಡ್. ಮೌಸ್ ಹಾಕಿದರೆ ಬಾಣದ ಬದಲು ಬೂದು ಬಣ್ಣದ ಚುಕ್ಕೆ ಬರುತ್ತೆ. ಕೆಟ್ಟಿದೆಯಾ?

ಪಿನ್_ಎಣಿಸುವವ:
ಕೆಟ್ಟಿಲ್ಲ. 2020ರಲ್ಲಿ ಐಪ್ಯಾಡ್‌ಒಎಸ್ 13.4 ಬಂದಾಗಿನಿಂದ ಅದು ದುಂಡಗೇ ಇತ್ತು. 26ನೇ ಆವೃತ್ತಿಯಲ್ಲಿ ಬಾಣ ಮಾಡಿದ್ದಾರೆ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೆರೆಸಬೇಡಿ.

ಸೆಟ್ಟಿಂಗ್ಸ್_ಸ್ವಾಮಿ:
ಟೈಪಿಸ್ಟ್ ಅವರೇ, ಹತ್ತು ನಿಮಿಷ ಮುಟ್ಟದೆ ಬಿಟ್ಟು ನೋಡಿ. ಆಮೇಲೂ ಬಾಣ ಇದೆಯಾ?